ಮದ್ದು ಹಿಡಿಯದ ಜ್ವರ

ಆ ವರ್ಷ ಬೆಳ್ತಂಗಡಿ ತಾಲೂಕಿನ ಕಾಡಂಚಿನಲ್ಲಿ ಮೊದಲು ಸತ್ತದ್ದು ಮಂಗಗಳು. 1982ರ ಕೊನೆಯ ದಿನಗಳು. ಘಟ್ಟದ ಬುಡದಲ್ಲಿ ಗೇರು ತೋಟ ಎಬ್ಬಿಸಲಿಕ್ಕೆಂದು ಹಳೆಯ ಕಾಡನ್ನು ಬೋಳಿಸುವ ಕೆಲಸ ನಡೆದಿತ್ತು. ಮರ ಕಡಿಯಲು, ಪೊದೆ ಸವರಲು ಕೂಲಿಗೆ ಹೋದವರು, ಹಟ್ಟಿಗೆ ಹಾಸಲು ಸೊಪ್ಪು ತರಗೆಲೆ ತರುವ ಹೆಂಗಸರು, ದನ ಮೇಯಿಸುವ ಹುಡುಗರು, ಎಲ್ಲರೂ ಓಡಾಡುವ ಜಾಗ ಅದೇ. 1983 ಹುಟ್ಟುತ್ತಿದ್ದಂತೆ ಅವರು ಒಬ್ಬೊಬ್ಬರಾಗಿ ಮಲಗಿದರು. ಮಳೆ ಹಿಡಿಯುವ ಹೊತ್ತಿಗೆ ಜ್ವರ ಬಂದವರ ಲೆಕ್ಕ ಸಾವಿರ ದಾಟಿತ್ತು. ಎಷ್ಟೋ ಮನೆಗಳಲ್ಲಿ ದುಡಿಯುವ ಕೈಯೇ ಇಲ್ಲವಾಯಿತು.

ಇದು ಮಂಗನ ಕಾಯಿಲೆ. ತಟ್ಟನೆ ಏರುವ ಜ್ವರ, ಹಣೆ ಸೀಳುವಂಥ ತಲೆನೋವು, ಸೊಂಟ ಮೀನಖಂಡಗಳಲ್ಲಿ ಹಿಂಡುವ ನೋವು, ಕೆಂಪಡರಿದ ಕಣ್ಣು. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ. ಜ್ವರ ಬಿಟ್ಟಿತೆಂದು ಗಂಜಿ ಕುಡಿದು ಎದ್ದು ಕೂತವರಲ್ಲೂ ಕೆಲವರಿಗೆ ಒಂದೆರಡು ವಾರ ಕಳೆದು ಮತ್ತೆ ಜ್ವರ. ಈ ಸಲ ಮಿದುಳನ್ನೇ ಹಿಡಿದ ಜ್ವರ. ಬದುಕಿ ಉಳಿದವರು ಮೊದಲಿನಂತೆ ದುಡಿಯುವಂತಾಗಲು ತಿಂಗಳುಗಳೇ ಬೇಕು.

ಕಾಡು ಕಡಿದದ್ದಕ್ಕೆ ದೈವಗಳು ಮುನಿದಿವೆ ಎಂದು ನಂಬಿದವರು ಇದ್ದರು. ಅವರನ್ನು ಮೂಢರೆಂದು ತಳ್ಳಿಹಾಕುವವನು ನಾನಲ್ಲ. ಕಾಡು ಕಡಿದದ್ದಕ್ಕೂ ಕಾಯಿಲೆಗೂ ನಂಟಿದೆ ಎಂಬ ಅವರ ಲೆಕ್ಕ ಸರಿಯಾಗಿಯೇ ಇತ್ತು. ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಈ ಸಾಂಕ್ರಾಮಿಕದ ಬಗ್ಗೆ ಬರೆದ ಪ್ರಬಂಧದಲ್ಲಿ ಇದನ್ನು ಅಭಿವೃದ್ಧಿಯೇ ತಂದ ರೋಗವೆಂದು ಕರೆದರು. ಆದರೆ ಮಲಗಿದವರ ಪಕ್ಕ ಕೂತವರಿಗೆ ಇನ್ನೊಂದು ಪ್ರಶ್ನೆ ಏಳದೆ ಇರದು. ಟೈಫಾಯ್ಡ್‌ಗೆ ಮಾತ್ರೆ ಇದೆ, ಕ್ಷಯಕ್ಕೆ ಸೂಜಿಮದ್ದಿದೆ, ಇಲಿಜ್ವರಕ್ಕೂ ಮದ್ದಿದೆ. ಈ ಜ್ವರಕ್ಕೆ ಯಾವ ಮದ್ದೂ ಯಾಕೆ ಹಿಡಿಯುವುದಿಲ್ಲ?

ಉತ್ತರ ಜೀವಕೋಶದ ಒಳಗಿದೆ. ಪ್ರೋಟೀನ್ ಕಟ್ಟುವ ಕೆಲಸ ಶುರುವಾಗುವ ಗಳಿಗೆಯಲ್ಲಿ ಅದರ ಬಹುಪಾಲು ಅಡಗಿದೆ. ಬ್ಯಾಕ್ಟೀರಿಯಾದಲ್ಲಿ ಆ ಕೆಲಸ ಒಂದು ಬಗೆಯಲ್ಲಿ ಶುರುವಾಗುತ್ತದೆ, ನಮ್ಮಲ್ಲಿ ಬೇರೆಯೇ ಬಗೆಯಲ್ಲಿ. ವಿಜ್ಞಾನಿಗಳು ಈ ವ್ಯತ್ಯಾಸವನ್ನು ಎಳೆ ಎಳೆಯಾಗಿ ಬಿಡಿಸಿದ್ದು 1964ರಿಂದ 1987ರ ನಡುವೆ. ಬೆಳ್ತಂಗಡಿಯ ಆ ಬೇಸಗೆ ಈ ಕಾಲದ ಒಳಗೇ ಬರುತ್ತದೆ.

ಕಾಯಿಲೆಯ ಹಿನ್ನೆಲೆಯನ್ನು ಮೊದಲು ಹೇಳಿಬಿಡುತ್ತೇನೆ. 1957ರಲ್ಲಿ ಶಿವಮೊಗ್ಗ ಜಿಲ್ಲೆ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳೂ ಮುಸುವಗಳೂ ಸಾಯುತ್ತಿರುವ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್ ಮತ್ತು ಸಂಗಡಿಗರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಆ ಕಾಯಿಲೆ ಇಂಡಿಯಾಕ್ಕೂ ಕಾಲಿಟ್ಟಿತೇ ಎಂಬ ದಿಗಿಲು. ವೈರಸ್ ಕೈಗೆ ಸಿಕ್ಕ ಮೇಲೆ ಗೊತ್ತಾಯಿತು: ಇದು ಹೊಸತು. ರಷ್ಯಾದ ಕಾಡುಗಳಲ್ಲಿ ಉಣುಗು ಕಚ್ಚಿ ಬರುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಇಲ್ಲಿಯೂ ಹರಡುವುದು ಉಣುಗೇ. ಎಳ್ಳಿಗಿಂತ ಸಣ್ಣ ಮರಿ ಉಣುಗು ತರಗೆಲೆಯಿಂದ ಕಾಲಿಗೆ ಹತ್ತುತ್ತದೆ. ಎಷ್ಟೋ ಸಲ ಹತ್ತಿದ್ದೇ ತಿಳಿಯುವುದಿಲ್ಲ. ಮಂಗ ಸತ್ತು ಬಿದ್ದಲ್ಲಿ ಅದರ ಮೈಮೇಲಿನ ಉಣುಗುಗಳೆಲ್ಲ ನೆಲಕ್ಕಿಳಿದು ಮುಂದಿನ ಜೀವಕ್ಕಾಗಿ ಕಾಯುತ್ತವೆ.

ಈಗ ಮದ್ದಿನ ಮಾತು. ಬಂಟ್ವಾಳದ ಹಳಬರು 1974ರ ಬೊಳ್ಳವನ್ನು, ಅಂದರೆ ನೆರೆಯನ್ನು, ಇನ್ನೂ ಮರೆತಿಲ್ಲ. ನೇತ್ರಾವತಿ ಪೇಟೆಗೇ ನುಗ್ಗಿದ ವರ್ಷ ಅದು. ನೆರೆ ಇಳಿದ ಕೆಸರಿನಲ್ಲಿ ಕಾಲಿಟ್ಟವರಿಗೆ ಬರಬಹುದಾದ ಇಲಿಜ್ವರ ಬ್ಯಾಕ್ಟೀರಿಯಾದ್ದು. ಡಾಕ್ಸಿಸೈಕ್ಲಿನ್ ಅದಕ್ಕೆ ಹಿಡಿಯುತ್ತದೆ. ಟೈಫಾಯ್ಡ್‌ಗೆ ದಶಕಗಳ ಕಾಲ ಕೊಟ್ಟದ್ದು ಕ್ಲೋರಾಂಫೆನಿಕಾಲ್. ಕ್ಷಯಕ್ಕೆ 1943ರಲ್ಲಿ ಸಿಕ್ಕಿದ ಸ್ಟ್ರೆಪ್ಟೋಮೈಸಿನ್. 1948ರಲ್ಲಿ ಬೆಳಕಿಗೆ ಬಂದ ಆರಿಯೋಮೈಸಿನ್ ಟೆಟ್ರಾಸೈಕ್ಲಿನ್ ಬಳಗದ ಮೊದಲನೆಯದು; ಅದು ಹೊರಬಂದ ಲೆಡರ್ಲಿ ಪ್ರಯೋಗಾಲಯದ ಸಂಶೋಧನೆಯ ಮುಂದಾಳು ಆಂಧ್ರದ ಯೆಲ್ಲಾಪ್ರಗಡ ಸುಬ್ಬರಾವ್. ಹೆಸರು ಬೇರೆ ಬೇರೆಯಾದರೂ ಇವೆಲ್ಲ ಹೊಡೆಯುವುದು ಒಂದೇ ಗುರಿಗೆ. ಅದು ಬ್ಯಾಕ್ಟೀರಿಯಾದ ರೈಬೋಸೋಮ್.

ರೈಬೋಸೋಮ್ ಎಂದರೆ ಪ್ರೋಟೀನ್ ಕಟ್ಟುವ ಯಂತ್ರ. ಡಿಎನ್‌ಎಯಿಂದ ನಕಲಾಗಿ ಬಂದ ಆರ್‌ಎನ್‌ಎ ಸಂದೇಶವನ್ನು ಅದು ಮೂರು ಮೂರು ಅಕ್ಷರವಾಗಿ ಓದುತ್ತದೆ, ಒಂದೊಂದು ಮೂರಕ್ಕೆ ಒಂದೊಂದು ಅಮೈನೋ ಆಮ್ಲವನ್ನು ಪೋಣಿಸುತ್ತದೆ. ಎಲ್ಲ ಜೀವಕ್ಕೂ ಇದೇ ದಾರಿ. ಆದರೆ ಬ್ಯಾಕ್ಟೀರಿಯಾದ ರೈಬೋಸೋಮ್ ಸಣ್ಣದು, ವಿಜ್ಞಾನಿಗಳ ಲೆಕ್ಕದಲ್ಲಿ 70ಎಸ್. ನಮ್ಮದು, ಅಡಕೆ ಮರದ್ದು, ಮಂಗನದು, ಉಣುಗಿನದು ದೊಡ್ಡದು, 80ಎಸ್. ಮೈಕಟ್ಟಿನ ಈ ವ್ಯತ್ಯಾಸವೇ ಮದ್ದಿಗೆ ಆಸರೆ. ಟೆಟ್ರಾಸೈಕ್ಲಿನ್ ಬ್ಯಾಕ್ಟೀರಿಯಾದ ರೈಬೋಸೋಮಿಗೆ ಅಂಟಿ ಅದನ್ನು ನಿಲ್ಲಿಸುತ್ತದೆ. ರೋಗಿಯ ಜೀವಕೋಶದ ರೈಬೋಸೋಮುಗಳು ತಮ್ಮ ಪಾಡಿಗೆ ತಾವು ದುಡಿಯುತ್ತವೆ.

ಯಂತ್ರದ ಗಾತ್ರ ಒಂದು ಮಾತಾಯಿತು. ಓದನ್ನು ಎಲ್ಲಿಂದ ಶುರು ಮಾಡಬೇಕೆಂದು ಅದಕ್ಕೆ ತಿಳಿಯುವುದು ಹೇಗೆ? ಈ ಪ್ರಶ್ನೆಯ ತೂಕ ಗೊತ್ತಾಗಬೇಕಾದರೆ ಮೂಡುಬಿದಿರೆಗೆ ಹೋಗಬೇಕು.

ಧವಳ, ಜಯಧವಳ, ಮಹಾಧವಳ ಎಂಬ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿ ಪ್ರತಿಗಳನ್ನು ಮೂಡುಬಿದಿರೆಯ ಬಸದಿ ಶತಮಾನಗಳ ಕಾಲ ಕಾಪಾಡಿಕೊಂಡು ಬಂತು. ಮೂಲದ ಭಾಷೆ ಪ್ರಾಕೃತ, ಗರಿಯ ಮೇಲಿನ ಲಿಪಿ ಹಳಗನ್ನಡ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವುಗಳ ನಕಲು ಶುರುವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಳದ ಮೊದಲ ಸಂಪುಟ ಅಚ್ಚಾಯಿತು. ಯಾವುದಾದರೂ ತಾಳೆಗರಿಯನ್ನು ಕಣ್ಣ ಹತ್ತಿರ ಹಿಡಿದು ನೋಡಿ. ಲೋಹದ ಕಂಟದಿಂದ ಕೊರೆದು ಮಸಿ ತಿಕ್ಕಿದ ಅಕ್ಷರಗಳು ಈ ತುದಿಯಿಂದ ಆ ತುದಿಗೆ ಇರುವೆ ಸಾಲಿನಂತೆ ಹೊರಟಿರುತ್ತವೆ. ಪದ ಪದದ ನಡುವೆ ತೆರಪಿಲ್ಲ. ಓದುವವನಿಗೆ ಶುರು ತಪ್ಪಿತೋ, ಎಲ್ಲ ತಪ್ಪಿತು. ‘ಅಡಕೆಮಳಿಗೆಬಸದಿ’ ಎಂದು ಕೂಡಿಸಿ ಬರೆದದ್ದನ್ನು ಮೊದಲ ಅಕ್ಷರದಿಂದ ಮೂರು ಮೂರಾಗಿ ಒಡೆದರೆ ಅಡಕೆ, ಮಳಿಗೆ, ಬಸದಿ. ಒಂದೇ ಒಂದು ಅಕ್ಷರ ತಡವಾಗಿ ಹಿಡಿದರೆ ಡಕೆಮ, ಳಿಗೆಬ, ಸದಿ. ಅರ್ಥ ಪೂರ್ತಿ ಹೋಯಿತು. ಆರ್‌ಎನ್‌ಎ ಸಂದೇಶವೂ ತೆರಪಿಲ್ಲದ ಬರಹ. ಅದರಲ್ಲಿ ಓದಬೇಕಾದ ಭಾಗಕ್ಕೆ ಮುಂಚೆ ಓದಬಾರದ ಒಂದಷ್ಟು ಅಕ್ಷರಗಳೂ ಇರುತ್ತವೆ. ರೈಬೋಸೋಮ್ ಅವನ್ನು ದಾಟಿ ಸರಿಯಾದ ಅಕ್ಷರದ ಮೇಲೆಯೇ ಕಾಲಿಡಬೇಕು.

ಮಾರ್ಷಲ್ ನಿರೆನ್‌ಬರ್ಗ್, ಹರಗೋಬಿಂದ ಖೊರಾನಾ ಮೊದಲಾದವರು 1966ರ ಹೊತ್ತಿಗೆ ಮೂರಕ್ಷರದ ನಿಘಂಟನ್ನು ಪೂರ್ತಿ ಬಿಡಿಸಿದರು. ಎಯುಜಿ ಎಂಬ ಮೂರಕ್ಷರದ ಅರ್ಥ ಮೆಥಿಯೊನಿನ್, ಮತ್ತು ಪ್ರೋಟೀನಿನ ಮೊದಲ ಮಣಿ ಸಾಮಾನ್ಯವಾಗಿ ಅದೇ. ಆದರೆ ಎಯುಜಿ ಸಂದೇಶದ ನಡುವೆಯೂ ಬರುತ್ತದೆ. ಶುರುವಿನ ಎಯುಜಿ ಯಾವುದು, ನಡುವಿನದು ಯಾವುದು?

ಮೊದಲ ಸುಳಿವು ಸಿಕ್ಕಿದ್ದು ಕೇಂಬ್ರಿಡ್ಜಿನಲ್ಲಿ, 1964ರಲ್ಲಿ. ಡೆನ್ಮಾರ್ಕಿನ ಕ್ಯೆಲ್ಡ್ ಮಾರ್ಕರ್ ಮತ್ತು ಫ್ರೆಡ್ ಸ್ಯಾಂಗರ್ ಬ್ಯಾಕ್ಟೀರಿಯಾದಲ್ಲಿ ಮೆಥಿಯೊನಿನ್ನನ್ನು ರೈಬೋಸೋಮಿಗೆ ಹೊತ್ತು ತರುವ ಅಣುವಾದ ಟಿ-ಆರ್‌ಎನ್‌ಎಯನ್ನು ಪರೀಕ್ಷಿಸುವಾಗ ನಿರೀಕ್ಷಿಸದ ವಸ್ತುವೊಂದನ್ನು ಕಂಡರು. ಮೆಥಿಯೊನಿನ್ನಿನ ತಲೆಗೆ ಫಾರ್ಮೈಲ್ ಎಂಬ ಸಣ್ಣ ತುಣುಕು ಅಂಟಿತ್ತು. ತಲೆ ಮುಚ್ಚಿದ ಅಮೈನೋ ಆಮ್ಲ ಸರದ ನಡುವೆ ಕೂರಲಾರದು, ಮೊದಲಲ್ಲಿ ಮಾತ್ರ ಕೂರಬಲ್ಲದು. ಎರಡೇ ವರ್ಷದಲ್ಲಿ ಹಲವು ಪ್ರಯೋಗಾಲಯಗಳು ಖಚಿತಪಡಿಸಿದವು: ಬ್ಯಾಕ್ಟೀರಿಯಾ ತನ್ನ ಪ್ರತಿ ಪ್ರೋಟೀನನ್ನೂ ಈ ಫಾರ್ಮೈಲ್ ಮೆಥಿಯೊನಿನ್ನಿನಿಂದ ಶುರು ಮಾಡುತ್ತದೆ, ಅದನ್ನು ಹೊರಲು ಬೇರೆಯೇ ಟಿ-ಆರ್‌ಎನ್‌ಎ ಇಟ್ಟುಕೊಂಡಿದೆ. ನಮ್ಮ ಜೀವಕೋಶದಲ್ಲೂ ಶುರುವಿಗೆಂದೇ ಮೀಸಲಾದ ಟಿ-ಆರ್‌ಎನ್‌ಎ ಇದೆ. ಅದು ಹೊರುವ ಮೆಥಿಯೊನಿನ್ನಿಗೆ ಫಾರ್ಮೈಲ್ ತುಣುಕಿಲ್ಲ. ಈ ತುಣುಕಿನ ಇನ್ನೊಂದು ಪರಿಣಾಮ 1975ರಲ್ಲಿ ಗೊತ್ತಾಯಿತು. ಫಾರ್ಮೈಲ್ ಮೆಥಿಯೊನಿನ್ ಇರುವ ಪ್ರೋಟೀನ್ ಚೂರುಗಳ ಸುಳಿವು ಹಿಡಿದು ನಮ್ಮ ಬಿಳಿ ರಕ್ತಕಣಗಳು ಆ ಕಡೆಗೆ ಧಾವಿಸುತ್ತವೆ. ಶತ್ರುವಿನ ಗುರುತು ಅವನ ಮೊದಲ ಅಕ್ಷರದಲ್ಲೇ ಇದೆ.

ಎರಡನೆಯ ಸುಳಿವು 1974ರದು, ಬಂಟ್ವಾಳ ಮುಳುಗಿದ ಅದೇ ವರ್ಷ. ಅದಕ್ಕೆ ಮುಂಚೆ 1969ರಲ್ಲಿ ಜೋನ್ ಸ್ಟೈಟ್ಸ್ ಎಂಬ ಯುವ ವಿಜ್ಞಾನಿ ಕೇಂಬ್ರಿಡ್ಜಿನಲ್ಲಿ, ಬ್ಯಾಕ್ಟೀರಿಯಾಕ್ಕೆ ತಗಲುವ ಒಂದು ವೈರಸ್ಸಿನ ಆರ್‌ಎನ್‌ಎಯಲ್ಲಿ ರೈಬೋಸೋಮ್ ಹಿಡಿದು ಕೂರುವ ಜಾಗಗಳ ಅಕ್ಷರಗಳನ್ನು ಓದಿ ಪಟ್ಟಿ ಮಾಡಿದ್ದರು. ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಜಾನ್ ಶೈನ್ ಎಂಬ ಪಿಎಚ್‌ಡಿ ವಿದ್ಯಾರ್ಥಿ ತನ್ನ ಗುರು ಲಿನ್ ಡಲ್ಗಾರ್ನೋ ಜೊತೆ ಕೂತು ಬ್ಯಾಕ್ಟೀರಿಯಾದ ರೈಬೋಸೋಮಿನ ಎರಡು ಹೋಳುಗಳಲ್ಲಿ ಸಣ್ಣದರಲ್ಲಿರುವ ಆರ್‌ಎನ್‌ಎಯ ಬಾಲದ ಕೊನೆಯ ಅಕ್ಷರಗಳನ್ನು ಓದಿದ. ಎಸಿಸಿಯುಸಿಸಿಯುಯುಎ. ಶುರುವಿನ ಎಯುಜಿಗೆ ಕೆಲವೇ ಅಕ್ಷರ ಹಿಂದೆ ಸಂದೇಶದಲ್ಲಿ ಎಜಿಜಿಎಜಿಜಿಯಂಥ ಸಾಲು ಬರುವುದು ಗೊತ್ತಿತ್ತು. ಒಂದರ ಮೇಲೊಂದು ಇಟ್ಟರೆ ಎರಡೂ ಬೀಗ ಮತ್ತು ಕೀಲಿಯ ಹಾಗೆ ಕೂಡಿದವು. ಆ ಸಾಲಿಗೆ ಈಗ ಶೈನ್-ಡಲ್ಗಾರ್ನೋ ಎಂದೇ ಹೆಸರು.

ಬ್ಯಾಕ್ಟೀರಿಯಾದ ರೈಬೋಸೋಮ್ ಸಂದೇಶದ ತುದಿಯನ್ನು ಹುಡುಕುವುದಿಲ್ಲ. ಗುರುತು ಕಂಡಲ್ಲಿ ನೇರ ಹೋಗಿ ಕೂರುತ್ತದೆ. ಒಂದೇ ಕಟ್ಟಿನಲ್ಲಿ ಮೂರು ನಾಲ್ಕು ಕೃತಿಗಳಿರುವ ತಾಳೆಗರಿ ಹೊತ್ತಗೆಯಲ್ಲಿ ಒಂದೊಂದು ಕೃತಿಯ ಆರಂಭಕ್ಕೂ ಲಿಪಿಕಾರ ‘ಶ್ರೀ’ಕಾರ ಬರೆದಿದ್ದರೆ, ಓದುವವನು ತನಗೆ ಬೇಕಾದ ಕೃತಿಯನ್ನು ನಡುವಿನಿಂದಲೇ ತೆರೆಯಬಹುದು. ಹಾಗಾಗಿಯೇ ಬ್ಯಾಕ್ಟೀರಿಯಾದ ಒಂದೇ ಸಂದೇಶದಲ್ಲಿ ಹಲವು ಪ್ರೋಟೀನುಗಳ ಪಾಠ ಸಾಲಾಗಿ ಇರುತ್ತದೆ, ಒಂದೊಂದಕ್ಕೂ ಬೇರೆ ಶುರು. ಅದಕ್ಕೆ ಕೋಶಕೇಂದ್ರವೂ ಇಲ್ಲ; ಸಂದೇಶದ ನಕಲು ಮುಗಿಯುವ ಮುಂಚೆಯೇ ರೈಬೋಸೋಮ್ ಓದಲು ತೊಡಗುತ್ತದೆ. ಶುರುವಿಗೆ ನೆರವಾಗುವ ಪ್ರೋಟೀನುಗಳು ಮೂರೇ ಮೂರು. ಸಣ್ಣ ಸಂಸಾರ, ಸರಸರ ಕೆಲಸ.

ನಮ್ಮ ಜೀವಕೋಶದಲ್ಲಿ ಶೈನ್-ಡಲ್ಗಾರ್ನೋ ಗುರುತನ್ನು ಹುಡುಕಿದವರಿಗೆ ಏನೂ ಸಿಗಲಿಲ್ಲ. ಅಲ್ಲಿನ ದಾರಿ ತೋರಿಸಿದ್ದು ವೈರಸ್ಸುಗಳು. ಜಪಾನಿನ ಯಾಸುಹಿರೋ ಫುರುಯಿಚಿ ರೇಷ್ಮೆಹುಳಕ್ಕೆ ತಗಲುವ ವೈರಸ್ಸಿನ ಮೇಲೆ ಕೆಲಸ ಮಾಡಿದವರು. ಅವರೂ ಅಮೆರಿಕದ ಆ್ಯರನ್ ಶಾಟ್ಕಿನ್ ಮತ್ತಿತರರೂ 1975ರ ಹೊತ್ತಿಗೆ, ಸಂದೇಶದ ಮುಂತುದಿಗೆ ತಲೆಕೆಳಗಾಗಿ ಕೂಡಿಸಿದ ಒಂದು ಟೊಪ್ಪಿ ಇರುವುದನ್ನು ಕಂಡರು. ವಿಜ್ಞಾನದ ಭಾಷೆಯಲ್ಲೂ ಅದರ ಹೆಸರು ‘ಕ್ಯಾಪ್’. ಶಾಟ್ಕಿನ್ ಪ್ರಯೋಗಾಲಯದಲ್ಲೇ ನೇಹಮ್ ಸೋನೆನ್‌ಬರ್ಗ್ 1978ರಲ್ಲಿ ಆ ಟೊಪ್ಪಿಯನ್ನು ಹಿಡಿಯುವ ಪ್ರೋಟೀನನ್ನು ಗುರುತಿಸಿದರು. ಅದೇ ವರ್ಷ ಮೆರಿಲಿನ್ ಕೊಜಾಕ್ ತಮ್ಮ ವಾದವನ್ನು ಮುಂದಿಟ್ಟರು: ರೈಬೋಸೋಮಿನ ಸಣ್ಣ ಹೋಳು ಟೊಪ್ಪಿಯ ಬಳಿ ಸಂದೇಶವನ್ನು ಹತ್ತಿ, ಅಲ್ಲಿಂದ ಅಕ್ಷರ ಅಕ್ಷರವಾಗಿ ಸವರುತ್ತಾ ಮುಂದೆ ಸಾಗಿ, ಮೊದಲು ಸಿಗುವ ಎಯುಜಿಯಲ್ಲಿ ಸಾಮಾನ್ಯವಾಗಿ ನಿಲ್ಲುತ್ತದೆ, ಆಗ ದೊಡ್ಡ ಹೋಳು ಬಂದು ಕೂಡಿಕೊಳ್ಳುತ್ತದೆ. ಆ ಎಯುಜಿಯ ಅಕ್ಕಪಕ್ಕದ ಅಕ್ಷರಗಳು ತಕ್ಕುದಾಗಿರಬೇಕು, ಇಲ್ಲದಿದ್ದರೆ ರೈಬೋಸೋಮ್ ಅದನ್ನು ದಾಟಿ ಹೋಗಿಬಿಡಬಹುದು. 1987ರಲ್ಲಿ ಅವರು ಬೆನ್ನೆಲುಬಿನ ಪ್ರಾಣಿಗಳ 699 ಸಂದೇಶಗಳನ್ನು ಹೋಲಿಸಿ ಆ ಅಕ್ಷರಗಳ ಪಟ್ಟಿಯನ್ನೇ ಕೊಟ್ಟರು. ವರ್ಷಗಟ್ಟಲೆ ಒಂದೇ ಪ್ರಶ್ನೆಯನ್ನು ಬಿಡದೆ ಹಿಡಿದ ಕೊಜಾಕ್ ಅವರ ಹಟ ನನಗೆ ಈ ಇಡೀ ಕತೆಯಲ್ಲಿ ಹೆಚ್ಚು ಮೆಚ್ಚಿಗೆಯಾದದ್ದು.

ಹಾಗಾಗಿ ನಮ್ಮಲ್ಲಿ ಹೊತ್ತಗೆಯನ್ನು ನಡುವೆ ತೆರೆಯುವ ರೂಢಿಯಿಲ್ಲ. ಮೊದಲ ಗರಿಯ ಎಡತುದಿಯಿಂದಲೇ ಬರಬೇಕು. ಸಂದೇಶ ಕೋಶಕೇಂದ್ರದಲ್ಲಿ ನಕಲಾಗಿ, ತಿದ್ದುಪಡಿಯಾಗಿ, ಟೊಪ್ಪಿ ತೊಟ್ಟು ಹೊರಬಂದ ಮೇಲೆಯೇ ಓದು. ಶುರುವಿಗೆ ಕೈಹಚ್ಚುವ ಪ್ರೋಟೀನುಗಳು ಹನ್ನೆರಡಕ್ಕೂ ಹೆಚ್ಚು. ಮತ್ತು ಒಂದು ಸಂದೇಶಕ್ಕೆ ಸಾಮಾನ್ಯವಾಗಿ ಒಂದೇ ಶುರು, ಒಂದೇ ಪ್ರೋಟೀನ್. ಪೋಲಿಯೋದಂಥ ಕೆಲವು ವೈರಸ್ಸುಗಳು ಟೊಪ್ಪಿಯಿಲ್ಲದೆಯೂ ರೈಬೋಸೋಮನ್ನು ಒಳಗೇ ಸೆಳೆದುಕೊಳ್ಳುತ್ತವೆಂದು 1988ರಲ್ಲಿ ಗೊತ್ತಾಯಿತು. ಅದು ಬೇರೆ ಕತೆ.

ಈಗ ಬೆಳ್ತಂಗಡಿಗೆ ಮರಳೋಣ. ಉಣುಗು ಕಚ್ಚಿದ ಕಾಲಿನಿಂದ ಮೈಯೊಳಗೆ ಇಳಿದ ವೈರಸ್ ತನ್ನ ಜೊತೆ ರೈಬೋಸೋಮ್ ತರುವುದಿಲ್ಲ. ಅದು ತರುವುದು ಬರಿಯ ಬರಹ: 10,774 ಅಕ್ಷರಗಳ ಒಂದೇ ಎಳೆ ಆರ್‌ಎನ್‌ಎ. ಆ ಎಳೆಯ ತಲೆಯ ಮೇಲೆ ಟೊಪ್ಪಿಯಿದೆ. ನಮ್ಮ ಸಂದೇಶಗಳಿಗೆ ಇರುವಂಥದೇ ಟೊಪ್ಪಿ. ಅದನ್ನು ತೊಡಿಸುವ ಪ್ರೋಟೀನಿನ ಪಾಠವೂ ಆ ಬರಹದಲ್ಲೇ ಇದೆ. ಜೀವಕೋಶ ಅದನ್ನು ಮನೆಯವರ ಕಾಗದವೆಂದೇ ಓದತೊಡಗುತ್ತದೆ.

ಇಲ್ಲಿ ವೈರಸ್ಸಿಗೊಂದು ತೊಡಕಿದೆ. ಅದಕ್ಕೆ ಬೇಕಾದ ಪ್ರೋಟೀನುಗಳು ಹತ್ತು. ನಮ್ಮ ರೈಬೋಸೋಮ್ ಒಂದು ಸಂದೇಶದಲ್ಲಿ ಒಂದೇ ಶುರುವನ್ನು ಒಪ್ಪುತ್ತದೆ. ಬ್ಯಾಕ್ಟೀರಿಯಾದ ಹಾಗೆ ಹತ್ತು ಕಡೆ ಗುರುತಿಟ್ಟರೆ ಇಲ್ಲಿ ಪ್ರಯೋಜನವಿಲ್ಲ. ಅದಕ್ಕೆ ಈ ವೈರಸ್ ಹತ್ತನ್ನೂ ಒಂದೇ ಉದ್ದನೆಯ ಸರವಾಗಿ ಬರೆದಿಟ್ಟುಕೊಂಡಿದೆ. ಒಂದೇ ಎಯುಜಿಯಿಂದ ಶುರುವಾದ ಓದು 3,416 ಅಮೈನೋ ಆಮ್ಲಗಳ ತನಕ ಎಲ್ಲೂ ನಿಲ್ಲದೆ ಸಾಗುತ್ತದೆ, ಆಮೇಲೆ ಸರವನ್ನು ಗೊತ್ತಾದ ಜಾಗಗಳಲ್ಲಿ ಕತ್ತರಿಸಿ ಹತ್ತಾಗಿ ಮಾಡಲಾಗುತ್ತದೆ. ಕತ್ತರಿಯೂ ಅರ್ಧ ವೈರಸ್ಸಿನದು, ಅರ್ಧ ನಮ್ಮದು. ಮಂಗನ, ಉಣುಗಿನ, ಮನುಷ್ಯನ ಜೀವಕೋಶಗಳಲ್ಲಿ ಶುರುವಿನ ಕ್ರಮ ಒಂದೇ ಆದ್ದರಿಂದ ಈ ಒಂದು ಬರಹ ಮೂರು ಕಡೆಯೂ ನಡೆಯುತ್ತದೆ.

ಟೆಟ್ರಾಸೈಕ್ಲಿನ್ ಹುಡುಕುವ 70ಎಸ್ ರೈಬೋಸೋಮ್ ಈ ವೈರಸ್ಸಿನಲ್ಲಿ ಇಲ್ಲವೇ ಇಲ್ಲ. ಮದ್ದು ಹಿಡಿಯದ್ದು ಇದಕ್ಕೆ. ವೈರಸ್ಸಿನ ಓದನ್ನು ನಿಲ್ಲಿಸಬೇಕಾದರೆ ನಮ್ಮದೇ ಯಂತ್ರವನ್ನು ನಿಲ್ಲಿಸಬೇಕು. ಅಚ್ಚರಿಯೆಂದರೆ ನಮ್ಮ ಮೈ ಅದನ್ನೂ ಮಾಡಲು ನೋಡುತ್ತದೆ. ವೈರಸ್ ಬಂದದ್ದು ತಿಳಿದ ಜೀವಕೋಶ, ಮೊದಲ ಮೆಥಿಯೊನಿನ್ನನ್ನು ತಂದು ಕೂರಿಸುವ ಇಐಎಫ್2 ಎಂಬ ಪ್ರೋಟೀನಿಗೆ ತಾನೇ ತಡೆ ಹಾಕಿ, ಎಲ್ಲ ಓದಿನ ಶುರುವನ್ನೂ ಕುಗ್ಗಿಸುತ್ತದೆ. ಮನೆಗೆ ಕಳ್ಳ ಹೊಕ್ಕನೆಂದು ಒಲೆಯನ್ನೇ ಆರಿಸಿದ ಹಾಗೆ.

ಬಂಟ್ವಾಳದ ಅಡಕೆ ಕೃಷಿಕರಿಗೆ ಈ ಭೇದ ಬೇರೆ ದಾರಿಯಿಂದ ಪರಿಚಿತ. ಬತ್ತದ ದುಂಡಾಣು ಅಂಗಮಾರಿಗೆ ಸ್ಟ್ರೆಪ್ಟೋಸೈಕ್ಲಿನ್ ಹೊಡೆಯುತ್ತಿದ್ದರು, ಆ ರೋಗ ತರುವುದು ಬ್ಯಾಕ್ಟೀರಿಯಾ. ಅಡಕೆಯ ಕೊಳೆರೋಗಕ್ಕೆ ಅದರಿಂದ ಪ್ರಯೋಜನವಿಲ್ಲ. ಕೊಳೆರೋಗ ತರುವ ಫೈಟಾಫ್ಥೊರ ಕೋಶಕೇಂದ್ರವಿರುವ ಜೀವಿ, ಅದರ ರೈಬೋಸೋಮ್ 80ಎಸ್. ಮೈಸೂರು ಸಂಸ್ಥಾನದಲ್ಲಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣವನ್ನು ರೂಢಿಗೆ ತಂದರು. ಮಳೆ ಹಿಡಿಯುವ ಮುಂಚೆ ಮೈಲುತುತ್ತು ಸುಣ್ಣ ಕಲಸಿ ಮದ್ದು ಬಿಡುವ ಕ್ರಮ ಇವತ್ತಿಗೂ ಅದೇ.

ಶುರುವಿನ ಈ ಹುಡುಕಾಟದಲ್ಲಿ ಬೆಂಗಳೂರಿನ ಪಾಲೂ ಇದೆ. ಕಾಠ್ಮಂಡುವಿನ ಉತ್ತಮ್ ರಾಜಭಂಡಾರಿ ಖೊರಾನಾರ ಬಳಿ ಪಳಗಿ, ಎಂಐಟಿಯಲ್ಲಿ ಶುರುವಿನ ಟಿ-ಆರ್‌ಎನ್‌ಎಯ ಅಧ್ಯಯನಕ್ಕೇ ಬಾಳು ಕೊಟ್ಟವರು. ಅವರ ಜೊತೆ ದುಡಿದ ಉಮೇಶ್ ವಾರ್ಷ್ಣೇಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಆ ಕೆಲಸ ಮುಂದುವರಿಸಿದರು. ಶುರುವಿನ ಟಿ-ಆರ್‌ಎನ್‌ಎಯ ಕಾಂಡದಲ್ಲಿ ಜಿ ಮತ್ತು ಸಿ ಅಕ್ಷರಗಳ ಮೂರು ಜೋಡಿಗಳು ಒಂದರ ಮೇಲೊಂದು ಬರುತ್ತವೆ. ರೈಬೋಸೋಮ್ ಅದನ್ನೇ ಆರಿಸಿಕೊಳ್ಳುವಲ್ಲಿ ಈ ಮೂರು ಜೋಡಿಗಳ ಪಾತ್ರವೇನೆಂದು ಅವರ ಪ್ರಯೋಗಾಲಯ ವರ್ಷಗಟ್ಟಲೆ ಕೆದಕಿ ನೋಡಿತು. 2000ದಲ್ಲಿ ವೆಂಕಟರಾಮನ್ ರಾಮಕೃಷ್ಣನ್ ತಂಡ ಬ್ಯಾಕ್ಟೀರಿಯಾದ ರೈಬೋಸೋಮಿನ ಸಣ್ಣ ಹೋಳಿನ ರಚನೆಯನ್ನು, ಸ್ಟ್ರೆಪ್ಟೋಮೈಸಿನ್ ಅದರಲ್ಲಿ ಎಲ್ಲಿ ಅಂಟುತ್ತದೆ ಎಂಬುದನ್ನು ಅಣು ಅಣುವಾಗಿ ತೋರಿಸಿತು. ಅದೇ ವರ್ಷ ಬಳಕೆಗೆ ಬಂದ ಲಿನೆಜೋಲಿಡ್ ಎಂಬ ಮದ್ದು ಬ್ಯಾಕ್ಟೀರಿಯಾದ ಓದನ್ನು ಶುರುವಿನಲ್ಲೇ ತಡೆಯುತ್ತದೆ.

ಮಂಗನ ಕಾಯಿಲೆಗೆ ಮಾತ್ರ ಇಂದಿಗೂ ನೇರ ಮದ್ದಿಲ್ಲ. ಜ್ವರ ಇಳಿಸುವುದು, ನೀರಿನಂಶ ಕಾಯುವುದು, ರಕ್ತಸ್ರಾವ ನೋಡಿಕೊಳ್ಳುವುದು, ಅಷ್ಟೇ. ಕರ್ನಾಟಕದಲ್ಲಿ ದಶಕಗಳ ಕಾಲ ಕೊಟ್ಟ ಲಸಿಕೆಯ ಬಲ ಸಾಲದೆಂದು ಕಂಡು ಈಚೆಗೆ ಅದನ್ನು ನಿಲ್ಲಿಸಲಾಗಿದೆ. ಹೊಸ ಲಸಿಕೆಯ ಕೆಲಸ ನಡೆದಿದೆ. ಅದು ಕೈಗೆ ಬರುವ ತನಕ ನಮ್ಮನ್ನು ಕಾಯುವುದು ನಮ್ಮ ಎಚ್ಚರವೇ. ಡಿಸೆಂಬರಿನಿಂದ ಮೇ ತನಕ ಕಾಡಿಗೆ ಸೊಪ್ಪಿಗೋ ಸೌದೆಗೋ ಹೋಗುವವರು ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗು ತಡೆಯುವ ಎಣ್ಣೆಯನ್ನು ಕೈಕಾಲಿಗೆ ಹಚ್ಚಿಕೊಂಡೇ ಹೋಗಿ. ಬಂದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಮೈ ತಿಕ್ಕಿ ಮೀಯಿರಿ. ಎಲ್ಲಾದರೂ ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗಬೇಡಿ, ಅದೇ ದಿನ ಆರೋಗ್ಯ ಕೇಂದ್ರಕ್ಕೆ ತಿಳಿಸಿ.